ಹಿರಿಯರಿಗೆ ಹೆಪಟೈಟಿಸ್ ಸಿ, ಜೊತೆಗೆ ಲಿವರ್ ಕ್ಯಾನ್ಸರ್: ಮೊದಲು ಯಾವುದಕ್ಕೆ ಚಿಕಿತ್ಸೆ?

ಎಪ್ಪತ್ತು ದಾಟಿದ ತಂದೆಗೋ ತಾಯಿಗೋ ರಕ್ತಪರೀಕ್ಷೆಯಲ್ಲಿ ಹೆಪಟೈಟಿಸ್ ಸಿ ಇದೆ ಎಂದು ಬಂದಿದೆ. ಸ್ಕ್ಯಾನಿಂಗ್ ಮಾಡಿಸಿದರೆ ಲಿವರ್‌ನಲ್ಲಿ ಗೆಡ್ಡೆಯೂ ಕಂಡಿದೆ. ಈ ವಯಸ್ಸಿನಲ್ಲಿ ಚಿಕಿತ್ಸೆ ಕೊಡಿಸಬೇಕೇ? ಕೊಡಿಸುವುದಾದರೆ ಮೊದಲು ವೈರಸ್‌ಗೋ, ಕ್ಯಾನ್ಸರ್‌ಗೋ? ಓದುಗರು ಬೇರೆ ಬೇರೆ ಮಾತುಗಳಲ್ಲಿ ಮತ್ತೆ ಮತ್ತೆ ಕೇಳುವುದು ಈ ಎರಡೇ ಪ್ರಶ್ನೆ. ಮೊದಲನೆಯದಕ್ಕೆ ಉತ್ತರ ಚಿಕ್ಕದು: ವಯಸ್ಸೊಂದನ್ನೇ ನೋಡಿ ಚಿಕಿತ್ಸೆ ಬೇಡ ಎನ್ನಬೇಕಾಗಿಲ್ಲ. ಎರಡನೆಯದಕ್ಕೆ ಚಿಕ್ಕ ಉತ್ತರವಿಲ್ಲ. ಅದಕ್ಕೇ ಈ ಲೇಖನ.

ಹೆಪಟೈಟಿಸ್ ಸಿ ವೈರಸ್ಸನ್ನು ಗುರುತಿಸಿದ್ದು 1989ರಲ್ಲಿ. ದಾನಿಗಳ ರಕ್ತವನ್ನು ಇದಕ್ಕಾಗಿ ಪರೀಕ್ಷಿಸುವುದು ಶುರುವಾದದ್ದು 1990ರ ದಶಕದಲ್ಲಿ. ಅದಕ್ಕೂ ಮೊದಲು ರಕ್ತ ಹಾಕಿಸಿಕೊಂಡವರಿಗೆ, ಸರಿಯಾಗಿ ಶುದ್ಧಮಾಡದ ಸೂಜಿಯಿಂದ ಚುಚ್ಚಿಸಿಕೊಂಡವರಿಗೆ ಸೋಂಕು ತಗುಲಿ, ಯಾವ ತೊಂದರೆಯೂ ಕಾಣದೆ ದಶಕಗಳೇ ಕಳೆದಿರಬಹುದು. ಹಾಗಾಗಿ 'ಈಗ ಎಲ್ಲಿಂದ ಬಂತು' ಎಂದು ಮನೆಯಲ್ಲಿ ಒಬ್ಬರನ್ನೊಬ್ಬರು ಅನುಮಾನಿಸುವುದು ಬೇಡ. ಜೊತೆಗೆ ಕೂತು ಉಂಡರೆ, ಅಪ್ಪಿಕೊಂಡರೆ, ಒಂದೇ ತಟ್ಟೆ ಲೋಟ ಬಳಸಿದರೆ ಇದು ಹರಡುವುದಿಲ್ಲ. ರಕ್ತ ತಾಗಬಹುದಾದ ವಸ್ತುಗಳನ್ನು, ಅಂದರೆ ರೇಜರ್, ಹಲ್ಲುಜ್ಜುವ ಬ್ರಷ್, ಉಗುರು ಕತ್ತರಿಸುವ ಕಟ್ಟರ್ ಇವಿಷ್ಟನ್ನು ಬೇರೆ ಇಟ್ಟರೆ ಸಾಕು.

ವೈದ್ಯರ ಬಳಿ ಹೋಗುವ ಮೊದಲು ಒಂದು ಫೈಲ್ ಸಿದ್ಧಮಾಡಿ. ಹಳೆಯ ರಕ್ತಪರೀಕ್ಷೆಗಳು, ಸ್ಕ್ಯಾನಿಂಗ್ ವರದಿಯ ಜೊತೆಗೆ ಅದರ ಚಿತ್ರಗಳಿರುವ ಸಿಡಿ, ಹಿಂದೆ ಆದ ಆಪರೇಷನ್‌ಗಳ ವಿವರ, ಈಗ ನುಂಗುತ್ತಿರುವ ಪ್ರತಿಯೊಂದು ಮಾತ್ರೆಯ ಹೆಸರು ಮತ್ತು ಪ್ರಮಾಣ. ವರದಿ ಇದ್ದು ಚಿತ್ರಗಳಿಲ್ಲದಿದ್ದರೆ ಸ್ಕ್ಯಾನಿಂಗ್ ಮತ್ತೆ ಮಾಡಿಸಬೇಕಾಗಿ ಬರುವುದು ಸಾಮಾನ್ಯ.

1. ವೈರಸ್ ಈಗಲೂ ಇದೆಯೇ ನೋಡಿ

ಮೊದಲು ಮಾಡುವ ಪರೀಕ್ಷೆ ಪ್ರತಿಕಾಯದ್ದು. ವೈರಸ್ ಎಂದಾದರೂ ದೇಹದೊಳಗೆ ಬಂದಿತ್ತೇ ಎಂಬುದನ್ನಷ್ಟೇ ಅದು ಹೇಳುತ್ತದೆ. ಸೋಂಕು ತಗುಲಿದವರಲ್ಲಿ ಸುಮಾರು ಶೇ. 30ರಷ್ಟು ಮಂದಿ ಯಾವ ಔಷಧವೂ ಇಲ್ಲದೆ ಆರು ತಿಂಗಳೊಳಗೆ ವೈರಸ್‌ನಿಂದ ಮುಕ್ತರಾಗುತ್ತಾರೆ. ಆದರೂ ಅವರ ಪ್ರತಿಕಾಯ ಪರೀಕ್ಷೆ ಮುಂದೆಯೂ ಪಾಸಿಟಿವ್ ಎಂದೇ ಬರುತ್ತಿರುತ್ತದೆ. ಆದ್ದರಿಂದ ಎರಡನೇ ಪರೀಕ್ಷೆ ಬೇಕು: ರಕ್ತದಲ್ಲಿ ವೈರಸ್ಸಿನ ಆರ್‌ಎನ್‌ಎ ಇದೆಯೇ ಎಂದು ಹುಡುಕುವ ಪಿಸಿಆರ್. ಇದು ಪಾಸಿಟಿವ್ ಬಂದರೆ ಮಾತ್ರ ವೈರಸ್ ಕಳೆಯುವ ಮಾತ್ರೆಗಳ ಮಾತು.

'ವೈರಲ್ ಲೋಡ್ ಲಕ್ಷಗಟ್ಟಲೆ ಇದೆ' ಎಂದು ಗಾಬರಿಯಾಗುವವರು ಬಹಳ. ಲಿವರ್ ಎಷ್ಟು ಹಾಳಾಗಿದೆ ಎಂಬುದನ್ನು ಆ ಸಂಖ್ಯೆ ಹೇಳುವುದಿಲ್ಲ.

ಇದೇ ಸಲ ಹೆಪಟೈಟಿಸ್ ಬಿ ಪರೀಕ್ಷೆಯನ್ನೂ ಮಾಡಿಸಿ. ಎರಡೂ ಸೋಂಕು ಇರುವವರಲ್ಲಿ ಸಿ ವೈರಸ್ ಹೋದೊಡನೆ ಅಡಗಿದ್ದ ಬಿ ವೈರಸ್ ತಲೆಯೆತ್ತಿ ಲಿವರ್‌ಗೆ ಭಾರೀ ಪೆಟ್ಟು ಕೊಡಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2016ರಲ್ಲಿ ಈ ಮಾತ್ರೆಗಳೆಲ್ಲದರ ಮೇಲೂ ಈ ಬಗ್ಗೆ ಕಡ್ಡಾಯ ಎಚ್ಚರಿಕೆ ಹಾಕಿಸಿತು.

2. ಲಿವರ್‌ನಲ್ಲಿ ಎಷ್ಟು ಕಸುವು ಉಳಿದಿದೆ ತಿಳಿಯಿರಿ

ಮುಂದಿನ ತೀರ್ಮಾನಗಳೆಲ್ಲ ನಿಂತಿರುವುದು ಇದರ ಮೇಲೆ. ವರ್ಷಗಟ್ಟಲೆ ಉರಿಯೂತವಿದ್ದರೆ ಲಿವರ್‌ನಲ್ಲಿ ಗಾಯದ ಕಲೆಯಂಥ ನಾರು ಬೆಳೆಯುತ್ತದೆ, ಅದಕ್ಕೆ ಫೈಬ್ರೋಸಿಸ್ ಎನ್ನುತ್ತಾರೆ. ನಾರು ಇಡೀ ಲಿವರ್ ತುಂಬಿ ಅದು ಗಂಟುಗಂಟಾದರೆ ಸಿರೋಸಿಸ್. ಹೆಪಟೈಟಿಸ್ ಸಿ ಇರುವವರಲ್ಲಿ ಕ್ಯಾನ್ಸರ್ ಹುಟ್ಟುವುದು ಹೆಚ್ಚಾಗಿ ಈ ಸಿರೋಸಿಸ್ ಆದ ಲಿವರ್‌ನಲ್ಲೇ.

ನಾರಿನ ಪ್ರಮಾಣ ತಿಳಿಯಲು ಫೈಬ್ರೋಸ್ಕ್ಯಾನ್ ಮಾಡುತ್ತಾರೆ. ಹೊಟ್ಟೆಯ ಮೇಲಿಂದಲೇ ಲಿವರ್‌ನ ಗಡಸುತನ ಅಳೆಯುವ, ನೋವಿಲ್ಲದ ಪರೀಕ್ಷೆ ಇದು. ಕನಿಷ್ಠ ಮೂರು ಗಂಟೆ ಏನೂ ತಿಂದಿರಬಾರದು. ಹೊಟ್ಟೆಯಲ್ಲಿ ನೀರು ತುಂಬಿದ್ದರೆ ಇದರ ಅಳತೆ ನಂಬುವಂತಿರುವುದಿಲ್ಲ. ವಯಸ್ಸು, ಎರಡು ಲಿವರ್ ಎನ್‌ಜೈಮ್, ಪ್ಲೇಟ್‌ಲೆಟ್ ಇವುಗಳನ್ನು ಸೇರಿಸಿ ಲೆಕ್ಕಹಾಕುವ ಫಿಬ್-4 ಎಂಬ ಅಂಕವೂ ಇದೆ. ಸೂತ್ರದೊಳಗೇ ವಯಸ್ಸು ಇರುವುದರಿಂದ 65 ದಾಟಿದವರಲ್ಲಿ ಅಂಕ ತಾನಾಗಿಯೇ ಏರುತ್ತದೆ. ಅದೊಂದನ್ನೇ ನೋಡಿ ಸಿರೋಸಿಸ್ ಎಂದು ತೀರ್ಮಾನಿಸುವಂತಿಲ್ಲ. ಇದಕ್ಕೆ ತದ್ವಿರುದ್ಧವಾದ ತಪ್ಪೂ ನಡೆಯುತ್ತದೆ. ಎಎಲ್‌ಟಿ, ಎಎಸ್‌ಟಿ ಎಂಬ ಆ ಎರಡು ಎನ್‌ಜೈಮ್ ನಾರ್ಮಲ್ ಇವೆ ಎಂದು ನೆಮ್ಮದಿಯಾಗಿದ್ದವರಲ್ಲೂ ಸಿರೋಸಿಸ್ ಇರಬಹುದು. ಪ್ಲೇಟ್‌ಲೆಟ್ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದ್ದರೆ ಅದನ್ನು ವೈದ್ಯರ ಗಮನಕ್ಕೆ ತನ್ನಿ.

ಸಿರೋಸಿಸ್ ಇದ್ದರೆ 'ಚೈಲ್ಡ್-ಪ್ಯೂ ಎಷ್ಟು?' ಎಂದು ನೀವೇ ಕೇಳಿ. ಬಿಲಿರುಬಿನ್, ಆಲ್ಬುಮಿನ್, ರಕ್ತ ಹೆಪ್ಪುಗಟ್ಟುವ ಐಎನ್‌ಆರ್, ಹೊಟ್ಟೆಯಲ್ಲಿನ ನೀರು, ಲಿವರ್‌ನಿಂದಾಗುವ ಮಂಕುತನ, ಈ ಐದಕ್ಕೂ ಅಂಕ ಕೊಟ್ಟು ಕೂಡಿಸುತ್ತಾರೆ. 5–6 ಬಂದರೆ ಎ, 7–9 ಬಂದರೆ ಬಿ, 10ರಿಂದ 15 ಬಂದರೆ ಸಿ. ಎ ಎಂದರೆ ಲಿವರ್ ಇನ್ನೂ ಕೆಲಸ ನಿಭಾಯಿಸುತ್ತಿದೆ, ಸಿ ಎಂದರೆ ಸೋತಿದೆ. ಫೈಲಿನ ಮೊದಲ ಪುಟದಲ್ಲೇ ಇದನ್ನು ಬರೆದಿಡಿ.

3. ಗೆಡ್ಡೆ ಏನು, ಎಷ್ಟಿದೆ ಎಂಬುದು ಖಚಿತವಾಗಲಿ

ಅಲ್ಟ್ರಾಸೌಂಡ್‌ನಲ್ಲಿ ಕಂಡ ಗೆಡ್ಡೆಯೆಲ್ಲ ಕ್ಯಾನ್ಸರ್ ಅಲ್ಲ. ಒಂದು ಸೆಂ.ಮೀ.ಗಿಂತ ಚಿಕ್ಕದಿದ್ದರೆ ಸಾಮಾನ್ಯವಾಗಿ ಕೆಲವು ತಿಂಗಳು ಬಿಟ್ಟು ಮತ್ತೆ ನೋಡುತ್ತಾರೆ. ಅದಕ್ಕಿಂತ ದೊಡ್ಡದಾದರೆ ರಕ್ತನಾಳಕ್ಕೆ ಕಾಂಟ್ರಾಸ್ಟ್ ದ್ರವ ಬಿಟ್ಟು, ಬೇರೆ ಬೇರೆ ಕ್ಷಣಗಳಲ್ಲಿ ಚಿತ್ರ ತೆಗೆಯುವ ಸಿಟಿ ಅಥವಾ ಎಂಆರ್‌ಐ ಬೇಕು. ಸಿರೋಸಿಸ್ ಇರುವವರಲ್ಲಿ ಗೆಡ್ಡೆ ಮೊದಲು ಸುತ್ತಲಿನ ಭಾಗಕ್ಕಿಂತ ಹೊಳೆದು, ಬಳಿಕ ಅದಕ್ಕಿಂತ ಮಂಕಾದರೆ ಅದು ಲಿವರ್ ಕ್ಯಾನ್ಸರ್‌ನ ಗುರುತು. ಗುರುತು ಇಷ್ಟು ಸ್ಪಷ್ಟವಾಗಿದ್ದರೆ ಸೂಜಿಯಿಂದ ತುಣುಕು ತೆಗೆಯುವ ಬಯಾಪ್ಸಿ ಇಲ್ಲದೆಯೂ ರೋಗ ನಿರ್ಧರಿಸುತ್ತಾರೆ. 'ಬಯಾಪ್ಸಿಯೇ ಮಾಡದೆ ಕ್ಯಾನ್ಸರ್ ಅಂದುಬಿಟ್ಟರು' ಎಂದು ಸಿಟ್ಟಾಗಬೇಕಾಗಿಲ್ಲ. ಸಿರೋಸಿಸ್ ಇಲ್ಲದವರಲ್ಲಿ ಮಾತ್ರ ಬಯಾಪ್ಸಿ ಸಾಮಾನ್ಯವಾಗಿ ಬೇಕಾಗುತ್ತದೆ.

ಹಿರಿಯರ ಕಿಡ್ನಿ ಸೂಕ್ಷ್ಮ. ಕಾಂಟ್ರಾಸ್ಟ್ ಕೊಡುವ ಮೊದಲು ಕ್ರಿಯಾಟಿನಿನ್ ನೋಡಿದ್ದಾರೆಯೇ ಎಂದು ಕೇಳಿ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ.

ಲಿವರ್ ಕ್ಯಾನ್ಸರ್‌ನ ಸುಳಿವಿಗಾಗಿ ಮಾಡುವ ಎಎಫ್‌ಪಿ ಎಂಬ ರಕ್ತಪರೀಕ್ಷೆಯ ಮೇಲೆ ಪೂರ್ತಿ ಭಾರ ಹಾಕಬೇಡಿ. ಕ್ಯಾನ್ಸರ್ ಇದ್ದೂ ಅದು ಏರದೆ ಇರುವುದುಂಟು. ಹೆಪಟೈಟಿಸ್ ಜೋರಾಗಿದ್ದಾಗ ಕ್ಯಾನ್ಸರ್ ಇಲ್ಲದೆಯೂ ಏರುವುದುಂಟು.

4. ಜನ್ಮದಿನಾಂಕ ಬಿಟ್ಟು ಮನುಷ್ಯರನ್ನು ನೋಡಿ

ದಿನಾ ನಡೆದಾಡಿ ತಮ್ಮ ಕೆಲಸ ತಾವೇ ಮಾಡಿಕೊಳ್ಳುವ 80ರ ಹಿರಿಯರು, ಹೃದಯ ಸೋತು ಹಾಸಿಗೆ ಹಿಡಿದ 68ರವರಿಗಿಂತ ಚಿಕಿತ್ಸೆಯನ್ನು ಚೆನ್ನಾಗಿ ತಡೆದುಕೊಳ್ಳಬಹುದು. ವೈದ್ಯರು ಇದನ್ನು ಇಸಿಒಜಿ ಎಂಬ ಅಂಕದಲ್ಲಿ ಬರೆಯುತ್ತಾರೆ. 0 ಎಂದರೆ ಮೊದಲಿನಂತೆಯೇ ಓಡಾಟ, 4 ಎಂದರೆ ಪೂರ್ತಿ ಹಾಸಿಗೆ. ಕೈಹಿಡಿತ ಎಷ್ಟು ಬಿಗಿ, ಕೈಯೂರದೆ ಕುರ್ಚಿಯಿಂದ ಎಷ್ಟು ಬೇಗ ಏಳುತ್ತಾರೆ, ನಿಂತಾಗ ತೂರಾಡುತ್ತಾರೆಯೇ, ಇವನ್ನೂ ಅಳೆಯುತ್ತಾರೆ. ಇದು ಕಾಟಾಚಾರದ ಪರೀಕ್ಷೆಯಲ್ಲ. ಅಂದು ಅವರನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಹೋಗದೆ, ಆಗುವುದಾದರೆ ನಡೆಸಿಕೊಂಡೇ ಹೋಗಿ. ವೈದ್ಯರಿಗೆ ನಿಜವಾದ ಸ್ಥಿತಿ ಕಾಣಲಿ.

ಕ್ಯಾನ್ಸರ್ ಎಂಬ ಪದವನ್ನೇ ಹಿರಿಯರಿಂದ ಮುಚ್ಚಿಡುವ ಮನೆಗಳು ಬಹಳ. ಪ್ರೀತಿಯಿಂದಲೇ ಹಾಗೆ ಮಾಡುತ್ತಾರೆ, ಗೊತ್ತು. ಆದರೆ ಏನು ನಡೆಯುತ್ತಿದೆ ಎಂದು ಗೊತ್ತಿಲ್ಲದವರು ಆಪರೇಷನ್‌ಗೆ ಒಪ್ಪಿಗೆ ಕೊಡುವುದು ಹೇಗೆ, ತಮಗೆ ಏನು ಬೇಕು ಎಂದು ಹೇಳುವುದಾದರೂ ಹೇಗೆ? 'ನಿಮಗೆ ಎಷ್ಟು ತಿಳಿಸಲಿ, ಏನನ್ನು ನಾವೇ ನೋಡಿಕೊಳ್ಳಲಿ' ಎಂದು ಅವರನ್ನೇ ಕೇಳಿಬಿಡುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಇನ್ನೆರಡು ವರ್ಷ ಹೆಚ್ಚು ಬೇಕೋ, ಆಸ್ಪತ್ರೆಯಿಂದ ದೂರ ಇರುವ ದಿನಗಳು ಹೆಚ್ಚು ಬೇಕೋ ಎಂಬ ಪ್ರಶ್ನೆಗೆ ಮಕ್ಕಳು ಊಹಿಸುವ ಉತ್ತರವೂ ಹಿರಿಯರ ಉತ್ತರವೂ ಬೇರೆ ಬೇರೆ ಇರಬಹುದು.

5. ಯಾವುದು ಮೊದಲು ಎಂಬ ತೀರ್ಮಾನ

ಮೇಲಿನ ನಾಲ್ಕೂ ಉತ್ತರಗಳು ಕೈಯಲ್ಲಿದ್ದಾಗಲೇ ಇದರ ಮಾತು. ಲಿವರ್ ತಜ್ಞರು, ಕ್ಯಾನ್ಸರ್ ತಜ್ಞರು, ಸರ್ಜನ್, ಸ್ಕ್ಯಾನಿಂಗ್ ತಜ್ಞರು ಒಟ್ಟಿಗೆ ಕೂತು ಚರ್ಚಿಸುವ ವ್ಯವಸ್ಥೆ ಇರುವ ಕಡೆ ಹೋಗುವುದು ಲೇಸು. ಒಬ್ಬೊಬ್ಬರ ಬಳಿ ಬೇರೆ ಬೇರೆಯಾಗಿ ಹೋದರೆ ಒಬ್ಬರು ಮಾತ್ರೆ ಶುರುಮಾಡಿರುತ್ತಾರೆ, ಇನ್ನೊಬ್ಬರು ಆಪರೇಷನ್ ದಿನ ಗೊತ್ತುಮಾಡಿರುತ್ತಾರೆ.

ಗೆಡ್ಡೆಯನ್ನು ಪೂರ್ತಿ ತೆಗೆಯಲು ಅಥವಾ ಸುಟ್ಟುಹಾಕಲು ಸಾಧ್ಯವಿದ್ದರೆ ಸಾಮಾನ್ಯವಾಗಿ ಕ್ಯಾನ್ಸರ್‌ಗೆ ಮೊದಲು ಚಿಕಿತ್ಸೆ. ವೈರಸ್ ದಶಕಗಳಿಂದ ಇದ್ದದ್ದು, ಇನ್ನು ಕೆಲವು ತಿಂಗಳು ಕಾಯುತ್ತದೆ, ಗೆಡ್ಡೆ ಕಾಯುವುದಿಲ್ಲ. ಇನ್ನೊಂದು ಕಾರಣವೂ ಇದೆ. ಗೆಡ್ಡೆ ಜೀವಂತವಾಗಿರುವಾಗ ಕೊಟ್ಟ ವೈರಸ್ ಮಾತ್ರೆಗಳ ಯಶಸ್ಸು ತುಸು ಕಡಿಮೆ. ಕ್ಯಾನ್ಸರ್ ಚಿಕಿತ್ಸೆ ಮುಗಿದ ಮೇಲೆ ಸ್ಕ್ಯಾನಿಂಗ್‌ನಲ್ಲಿ ಏನೂ ಉಳಿದಿಲ್ಲ ಎಂಬುದನ್ನು ಖಚಿತಪಡಿಸಿಕೊಂಡು, ಹಲವು ತಜ್ಞರ ಪ್ರಕಾರ ನಾಲ್ಕರಿಂದ ಆರು ತಿಂಗಳು ಬಿಟ್ಟು, ಮಾತ್ರೆ ಶುರುಮಾಡುತ್ತಾರೆ.

ಗೆಡ್ಡೆಯನ್ನು ಹತೋಟಿಯಲ್ಲಿಡಬಹುದು, ಪೂರ್ತಿ ಕಳೆಯಲಾಗದು, ಆದರೆ ಲಿವರ್ ಇನ್ನೂ ಎ ದರ್ಜೆಯಲ್ಲಿದೆ ಎಂದಿಟ್ಟುಕೊಳ್ಳಿ. ವೈದ್ಯರ ನಡುವೆಯೇ ಭಿನ್ನಾಭಿಪ್ರಾಯ ಇರುವುದು ಇಲ್ಲಿ. ವರ್ಷಕ್ಕಿಂತ ಹೆಚ್ಚು ಆಯುಸ್ಸು ನಿರೀಕ್ಷಿಸಬಹುದಾದರೆ ವೈರಸ್ ಕಳೆಯುವುದಕ್ಕೆ ಅರ್ಥವಿದೆ. ಲಿವರ್‌ನ ಕಸುವು ಕುಸಿಯದೆ ಉಳಿದರೆ ಮುಂದೆ ಮತ್ತೊಂದು ಕ್ಯಾನ್ಸರ್ ಚಿಕಿತ್ಸೆಗೆ ದಾರಿ ತೆರೆದಿರುತ್ತದೆ. ಈ ರೋಗದಲ್ಲಿ ಎಷ್ಟೋ ಮಂದಿ ತೀರಿಕೊಳ್ಳುವುದು ಗೆಡ್ಡೆಯಿಂದಲ್ಲ, ಲಿವರ್ ಸೋತದ್ದರಿಂದ.

ಲಿವರ್ ಬಿ ಅಥವಾ ಸಿ ದರ್ಜೆಗೆ ಇಳಿದಿದ್ದರೆ ಎಚ್ಚರ ಹೆಚ್ಚಬೇಕು. ಲಿವರ್ ಕಸಿಗೆ ಅವಕಾಶವಿದೆಯೇ ಎಂಬುದನ್ನು ಮಾತ್ರೆ ಶುರುಮಾಡುವ ಮೊದಲೇ ಕಸಿ ತಂಡದಲ್ಲಿ ಕೇಳಿ. ಕಸಿಗಿಂತ ಮೊದಲೋ ಆಮೇಲೋ ಎಂಬುದನ್ನು ಅವರೇ ನಿರ್ಧರಿಸಬೇಕು. ಮೊದಲೇ ವೈರಸ್ ಕಳೆದಾಗ ಅಂಕಗಳಷ್ಟೇ ತುಸು ಸುಧಾರಿಸಿ, ಕಾಯುವ ಪಟ್ಟಿಯಲ್ಲಿ ಹಿಂದೆ ಬಿದ್ದು, ಮನುಷ್ಯರ ಸ್ಥಿತಿ ಮಾತ್ರ ಹಾಗೇ ಉಳಿಯುವುದುಂಟು. ಕಸಿಗೆ ಎಲ್ಲೆಡೆ ಒಪ್ಪಿದ ವಯಸ್ಸಿನ ಗೆರೆ ಇಲ್ಲ. ಆದರೆ 70ರ ಆಸುಪಾಸಿನಲ್ಲಿ ಹೃದಯ, ಶ್ವಾಸಕೋಶಗಳನ್ನು ಬಹಳ ಬಿಗಿಯಾಗಿ ಪರೀಕ್ಷಿಸುತ್ತಾರೆ.

ಕ್ಯಾನ್ಸರ್ ತುಂಬಾ ಮುಂದುವರಿದು ಉಳಿದಿರುವುದು ತಿಂಗಳುಗಳು ಎಂದಾದರೆ ವೈರಸ್ ಮಾತ್ರೆ ಕೊಡುವುದಿಲ್ಲ. ಇದು ಕೈಬಿಟ್ಟಂತಲ್ಲ. ಆ ಮಾತ್ರೆಯಿಂದ ಅವರಿಗೆ ಸಿಗುವ ಲಾಭ ಏನೂ ಇಲ್ಲ, ಅಷ್ಟೇ.

'ವೈರಸ್ ಮಾತ್ರೆ ತೆಗೆದುಕೊಂಡರೆ ಕ್ಯಾನ್ಸರ್ ಮತ್ತೆ ಬರುತ್ತದಂತೆ' ಎಂಬ ಮಾತನ್ನು ನೀವು ಕೇಳಿರಬಹುದು. 2016ರಲ್ಲಿ ಸ್ಪೇನ್‌ನ ವೈದ್ಯರು ಅಂಥ ಅನುಮಾನ ಎತ್ತಿದ್ದು ನಿಜ. ಆಮೇಲೆ ಬಂದ ದೊಡ್ಡ ಅಧ್ಯಯನಗಳು ಅದನ್ನು ಸಮರ್ಥಿಸಲಿಲ್ಲ.

6. ಮಾತ್ರೆ ಶುರುಮಾಡುವ ಮೊದಲು ಡಬ್ಬಿ ಪೂರ್ತಿ ಖಾಲಿಮಾಡಿ ತೋರಿಸಿ

ಹಿಂದೆ ಇಂಟರ್‌ಫೆರಾನ್ ಇಂಜೆಕ್ಷನ್ ಇತ್ತು. ತಿಂಗಳುಗಟ್ಟಲೆ ಜ್ವರ, ಸುಸ್ತು, ಖಿನ್ನತೆ. ಹಿರಿಯರಿಗೆ ಅದನ್ನು ಕೊಡಲು ವೈದ್ಯರೇ ಹಿಂಜರಿಯುತ್ತಿದ್ದರು. 2013ರಲ್ಲಿ ಸೋಫಾಸ್‌ಬುವಿರ್ ಬಂದ ಮೇಲೆ ಚಿತ್ರ ಬದಲಾಯಿತು. ಈಗ ಹೆಚ್ಚು ಬಳಕೆಯಲ್ಲಿರುವುದು ಸೋಫಾಸ್‌ಬುವಿರ್ 400 ಮಿ.ಗ್ರಾಂ. ಮತ್ತು ವೆಲ್ಪಟಾಸ್‌ವಿರ್ 100 ಮಿ.ಗ್ರಾಂ. ಸೇರಿದ ಒಂದೇ ಮಾತ್ರೆ, ದಿನಕ್ಕೊಂದರಂತೆ 12 ವಾರ. ಇನ್ನೊಂದು ಗ್ಲೆಕಾಪ್ರೆವಿರ್–ಪಿಬ್ರೆಂಟಾಸ್‌ವಿರ್, ಊಟದ ಜೊತೆ ದಿನಕ್ಕೊಮ್ಮೆ ಮೂರು ಮಾತ್ರೆ, ಬಹಳಷ್ಟು ಜನರಿಗೆ 8 ವಾರ. ಶೇ. 95ಕ್ಕಿಂತ ಹೆಚ್ಚು ಜನರಲ್ಲಿ ವೈರಸ್ ಹೋಗುತ್ತದೆ. 65 ದಾಟಿದವರಲ್ಲೂ ಫಲಿತಾಂಶ ಹೆಚ್ಚುಕಡಿಮೆ ಇಷ್ಟೇ ಇದೆ.

ಎರಡನೆಯದನ್ನು ಬಿ, ಸಿ ದರ್ಜೆಯ ಲಿವರ್ ಇರುವವರಿಗೆ ಕೊಡಬಾರದು. ಅಂಥವರಿಗೆ ಸೋಫಾಸ್‌ಬುವಿರ್–ವೆಲ್ಪಟಾಸ್‌ವಿರ್ ಜೊತೆ ರಿಬಾವಿರಿನ್ ಎಂಬ ಇನ್ನೊಂದು ಔಷಧ ಸೇರಿಸಿ 12 ವಾರ, ರಿಬಾವಿರಿನ್ ಆಗದಿದ್ದರೆ ಅದಿಲ್ಲದೆ 24 ವಾರ ಕೊಡುತ್ತಾರೆ. ರಿಬಾವಿರಿನ್ ಕೆಂಪು ರಕ್ತಕಣಗಳನ್ನು ಒಡೆದು ಹಿಮೋಗ್ಲೋಬಿನ್ ಇಳಿಸುತ್ತದೆ. ಹೃದಯದ ತೊಂದರೆ ಇರುವ ಹಿರಿಯರಲ್ಲಿ ಇದು ಅಪಾಯ. ಆರಂಭದ ವಾರಗಳಲ್ಲಿ ರಕ್ತಪರೀಕ್ಷೆ ತಪ್ಪಿಸಬೇಡಿ.

ಹಿರಿಯರಲ್ಲಿ ಎಡವಟ್ಟಾಗುವುದು ಈ ಮಾತ್ರೆಗಳಿಗಿಂತ ಹೆಚ್ಚಾಗಿ ಇವು ಹಳೆಯ ಮಾತ್ರೆಗಳ ಜೊತೆ ಸೇರಿದಾಗ. ಹೃದಯ ಬಡಿತದ ಏರುಪೇರಿಗೆ ಕೊಡುವ ಅಮಿಯೋಡರೋನ್ ಇದ್ದರೆ ಮೊದಲು ಅದನ್ನು ಹೇಳಿ. ಸೋಫಾಸ್‌ಬುವಿರ್ ಜೊತೆ ಸೇರಿದಾಗ ನಾಡಿ ಅಪಾಯಕಾರಿಯಾಗಿ ನಿಧಾನವಾಗಬಹುದು. ಅಮಿಯೋಡರೋನ್ ದೇಹದಲ್ಲಿ ತಿಂಗಳುಗಟ್ಟಲೆ ಉಳಿಯುವುದರಿಂದ ಇತ್ತೀಚೆಗೆ ನಿಲ್ಲಿಸಿದ್ದರೂ ಹೇಳಬೇಕು. ಫಿಟ್ಸ್‌ಗೆ ಕೊಡುವ ಕಾರ್ಬಮಜೆಪಿನ್, ಫೆನಿಟಾಯಿನ್, ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಇವು ವೈರಸ್ ಮಾತ್ರೆಯ ಬಲವನ್ನೇ ಕುಂದಿಸುತ್ತವೆ. ಜೊತೆಗೆ ಕೊಡುವಂತಿಲ್ಲ. ಕೊಲೆಸ್ಟರಾಲ್‌ನ ಅಟೋರ್ವಾಸ್ಟಾಟಿನ್ ಗ್ಲೆಕಾಪ್ರೆವಿರ್ ಜೊತೆ ಕೂಡದು.

ಎಲ್ಲರೂ ಮರೆಯುವುದು ಗ್ಯಾಸ್ಟ್ರಿಕ್ ಮಾತ್ರೆಯನ್ನು. ಅದು ಔಷಧವೇ ಅಲ್ಲ ಎಂಬಂತೆ ಪಟ್ಟಿಯಿಂದ ಬಿಟ್ಟಿರುತ್ತಾರೆ. ವೆಲ್ಪಟಾಸ್‌ವಿರ್ ಕರಗಲು ಹೊಟ್ಟೆಯಲ್ಲಿ ಆಮ್ಲ ಬೇಕು. ಒಮೆಪ್ರಜೋಲ್‌ನಂಥವು ಆಮ್ಲವನ್ನು ತಗ್ಗಿಸಿ ಮಾತ್ರೆ ವ್ಯರ್ಥವಾಗುವಂತೆ ಮಾಡಬಹುದು. ಆಗುವುದಾದರೆ ನಿಲ್ಲಿಸುವುದೇ ಸರಿ. ಬೇಕೇಬೇಕೆಂದಿದ್ದರೆ ವೈರಸ್ ಮಾತ್ರೆಯನ್ನು ಊಟದ ಜೊತೆ ಕೊಟ್ಟು, ನಾಲ್ಕು ಗಂಟೆ ಬಿಟ್ಟು ಒಮೆಪ್ರಜೋಲ್ 20 ಮಿ.ಗ್ರಾಂ. ಕೊಡುವ ಕ್ರಮವಿದೆ. ಆಂಟಾಸಿಡ್ ಸಿರಪ್‌ಗೂ ನಾಲ್ಕು ಗಂಟೆ ಅಂತರ ಬೇಕು.

ಸಕ್ಕರೆ ಕಾಯಿಲೆ ಇರುವವರಲ್ಲಿ ವೈರಸ್ ಇಳಿಯುತ್ತಿದ್ದಂತೆ ಸಕ್ಕರೆಯೂ ಇಳಿಯಬಹುದು, ಇನ್ಸುಲಿನ್ ಅಥವಾ ಮಾತ್ರೆಯ ಪ್ರಮಾಣ ತಗ್ಗಿಸಬೇಕಾದೀತು. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ತೆಗೆದುಕೊಳ್ಳುವವರು ಐಎನ್‌ಆರ್ ಮೇಲಿಂದ ಮೇಲೆ ನೋಡಿಸಬೇಕು. ಲಿವರ್‌ಗೆ ಒಳ್ಳೆಯದು ಎಂದು ಯಾರೋ ಹೇಳಿದ ಗಿಡಮೂಲಿಕೆ ಪುಡಿ, ಕಷಾಯಗಳು ಈ ಅವಧಿಯಲ್ಲಿ ಬೇಡವೇ ಬೇಡ. ಲಿವರ್‌ಪೂಲ್ ವಿಶ್ವವಿದ್ಯಾಲಯ ನಡೆಸುವ ಔಷಧ ಹೊಂದಾಣಿಕೆಯ ಉಚಿತ ಜಾಲತಾಣವನ್ನು ವೈದ್ಯರೂ ಬಳಸುತ್ತಾರೆ. ನಿಮ್ಮ ಪಟ್ಟಿಯನ್ನು ಅದರಲ್ಲಿ ನೋಡಿಸಿ ಎಂದು ಕೇಳಲು ಸಂಕೋಚ ಬೇಡ.

ಡಯಾಲಿಸಿಸ್‌ನಲ್ಲಿರುವವರಿಗೂ ಈಗ ಈ ಮಾತ್ರೆಗಳನ್ನು ಕೊಡುತ್ತಾರೆ. ಮರೆವು ಇರುವವರಿಗೆ ವಾರದ ಖಾನೆಗಳಿರುವ ಡಬ್ಬಿಯಲ್ಲಿ ಹಾಕಿಟ್ಟು, ನುಂಗಿದ್ದನ್ನು ಒಬ್ಬರು ಕಣ್ಣಾರೆ ನೋಡಬೇಕು. ಮಾತ್ರೆ ತಪ್ಪಿದ್ದು 18 ಗಂಟೆಯೊಳಗೆ ನೆನಪಾದರೆ ಆಗಲೇ ಕೊಡಿ. ಅದು ದಾಟಿದ್ದರೆ ಬಿಟ್ಟು, ಮುಂದಿನದನ್ನು ಅದರ ಹೊತ್ತಿಗೆ ಕೊಡಿ. ಎರಡನ್ನು ಒಟ್ಟಿಗೆ ಕೊಡಬೇಡಿ.

7. ಕ್ಯಾನ್ಸರ್‌ಗೆ ಇರುವ ದಾರಿಗಳು

ಗೆಡ್ಡೆಯ ಗಾತ್ರ ಮತ್ತು ಸಂಖ್ಯೆ, ಲಿವರ್‌ನ ಕಸುವು, ಮನುಷ್ಯರ ಓಡಾಟ, ಮೂರನ್ನೂ ಸೇರಿಸಿ 0, ಎ, ಬಿ, ಸಿ, ಡಿ ಎಂದು ಹಂತ ಕಟ್ಟುತ್ತಾರೆ. ಇದಕ್ಕೆ ಬಾರ್ಸಿಲೋನಾ ಪದ್ಧತಿ ಎನ್ನುತ್ತಾರೆ. ಚೈಲ್ಡ್-ಪ್ಯೂ ಎ, ಬಿ, ಸಿ ಬೇರೆ, ಇದು ಬೇರೆ. ಎರಡನ್ನೂ ಕಲಸಿಕೊಂಡು ಗಾಬರಿಯಾಗುವವರಿದ್ದಾರೆ.

ಮೂರು ಸೆಂ.ಮೀ.ವರೆಗಿನ ಗೆಡ್ಡೆಗೆ ಸೂಜಿ ಚುಚ್ಚಿ ಶಾಖದಿಂದ ಸುಡುವ ಅಬ್ಲೇಶನ್ ಹಿರಿಯರಿಗೆ ಬಹಳ ಒಪ್ಪುವ ಚಿಕಿತ್ಸೆ. ದೊಡ್ಡ ಗಾಯವಿಲ್ಲ, ಆಸ್ಪತ್ರೆವಾಸ ಕಡಿಮೆ. ಲಿವರ್ ಗಟ್ಟಿಯಿದ್ದು ಹೃದಯವೂ ಚೆನ್ನಾಗಿದ್ದರೆ ಆಪರೇಷನ್. ಗೆಡ್ಡೆಗಳು ಹೆಚ್ಚಿದ್ದರೆ ತೊಡೆಸಂದಿಯ ಅಥವಾ ಕೈಯ ರಕ್ತನಾಳದಿಂದ ನಳಿಕೆ ತೂರಿಸಿ, ಗೆಡ್ಡೆಗೆ ಹೋಗುವ ನಾಳಕ್ಕೇ ಕೀಮೋ ಬಿಟ್ಟು ರಕ್ತ ಕಟ್ಟಿಹಾಕುವ ಟೇಸ್. ಕೀಮೋ ಬದಲು ವಿಕಿರಣ ಸೂಸುವ ಯಿಟ್ರಿಯಂ-90 ಮಣಿಗಳನ್ನು ಬಿಡುವುದೂ ಇದೆ. ಟೇಸ್ ಆದ ಮೇಲೆ ಕೆಲವು ದಿನ ಜ್ವರ, ಹೊಟ್ಟೆನೋವು, ವಾಕರಿಕೆ ಬರುವುದು ಸಹಜ. ಜ್ವರ ಇಳಿಯದೆ ಏರುತ್ತಲೇ ಹೋದರೆ, ಕಾಮಾಲೆ ಕಂಡರೆ ಮಾತ್ರ ಸಹಜವಲ್ಲ.

ಕ್ಯಾನ್ಸರ್ ರಕ್ತನಾಳದೊಳಗೆ ಅಥವಾ ಲಿವರ್ ಆಚೆಗೆ ಹೋಗಿದ್ದರೆ ಇಡೀ ದೇಹಕ್ಕೆ ಔಷಧ. ಅಟೆಜೋಲಿಜುಮ್ಯಾಬ್ ಮತ್ತು ಬೆವಾಸಿಜುಮ್ಯಾಬ್ ಎಂಬ ಎರಡು ಇಂಜೆಕ್ಷನ್‌ಗಳ ಜೋಡಿಗೆ 2020ರಲ್ಲಿ ಅನುಮತಿ ಸಿಕ್ಕಿತು. ಬೆವಾಸಿಜುಮ್ಯಾಬ್ ರಕ್ತಸ್ರಾವ ಹೆಚ್ಚಿಸುವುದರಿಂದ ಮೊದಲು ಎಂಡೋಸ್ಕೋಪಿ ಮಾಡಿ, ಅನ್ನನಾಳದಲ್ಲಿ ಉಬ್ಬಿದ ರಕ್ತನಾಳಗಳಿದ್ದರೆ ಅವಕ್ಕೆ ಚಿಕಿತ್ಸೆ ಮಾಡಿಕೊಳ್ಳಬೇಕು. ಬಿ.ಪಿ. ಏರಬಹುದು, ಮೂತ್ರದಲ್ಲಿ ಪ್ರೋಟೀನ್ ಹೋಗಬಹುದು. ಮಾತ್ರೆಗಳಲ್ಲಿ ಸೊರಾಫೆನಿಬ್, ಲೆನ್ವಾಟಿನಿಬ್ ಇವೆ. ಅಂಗೈ ಅಂಗಾಲು ಸುಲಿಯುವುದು, ಭೇದಿ, ಬಿ.ಪಿ. ಏರುವುದು ಇವುಗಳ ತೊಂದರೆ. ದುರ್ಬಲ ಹಿರಿಯರಿಗೆ ಕಡಿಮೆ ಪ್ರಮಾಣದಲ್ಲಿ ಶುರುಮಾಡಿ ನೋಡಬಹುದೇ ಎಂದು ಕೇಳಿ. ಪೂರ್ತಿ ಪ್ರಮಾಣ ಕೊಟ್ಟು ಕೆಲವೇ ವಾರಗಳಲ್ಲಿ ಸಾಕಪ್ಪಾ ಎಂದು ಬಿಟ್ಟುಬಿಡುವುದಕ್ಕಿಂತ ಅದು ಮೇಲು.

ನೋವು, ನಿದ್ದೆ, ವಾಕರಿಕೆ ನೋಡಿಕೊಳ್ಳುವ ಪ್ಯಾಲಿಯೇಟಿವ್ ತಂಡವನ್ನು ಕೊನೆಯಲ್ಲಿ ಕರೆಯುವ ರೂಢಿಯಿದೆ. ಮೊದಲೇ ಕರೆಯಿರಿ. ಬೇರೆ ಚಿಕಿತ್ಸೆ ನಡೆಯುತ್ತಿರುವಾಗಲೇ ಅವರು ಜೊತೆಗಿರಬಹುದು.

8. ಮನೆಯಲ್ಲಿ

ಸಿರೋಸಿಸ್ ಇದ್ದವರಿಗೆ ಪ್ರೋಟೀನ್ ಕಡಿಮೆ ಮಾಡಬೇಕು ಎಂಬುದು ಹಳೆಯ ನಂಬಿಕೆ. ಈಗಿನ ಸಲಹೆ ತಿರುಗುಮುರುಗು: ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು. ರಾತ್ರಿ ಮಲಗುವ ಮುನ್ನ ಏನಾದರೂ ತಿನ್ನಿಸಿ. ಹೊಟ್ಟೆಗಿಲ್ಲದ ಉದ್ದನೆಯ ರಾತ್ರಿ ಅವರ ಮಾಂಸಖಂಡವನ್ನೇ ಕರಗಿಸುತ್ತದೆ. ಹೊಟ್ಟೆಯಲ್ಲಿ ನೀರಿದ್ದರೆ ಉಪ್ಪು ತಗ್ಗಿಸಿ. ಮದ್ಯ ಪೂರ್ತಿ ನಿಲ್ಲಬೇಕು.

ಮೈಕೈ ನೋವಿಗೆ ಐಬುಪ್ರೊಫೆನ್, ಡೈಕ್ಲೋಫೆನಾಕ್ ಕೊಡಬೇಡಿ. ಕಿಡ್ನಿ ಕೈಕೊಡುತ್ತದೆ, ರಕ್ತಸ್ರಾವವೂ ಆಗಬಹುದು. ಅದರ ಬದಲು ಪ್ಯಾರಸಿಟಮಾಲ್, ದಿನಕ್ಕೆ 2 ಗ್ರಾಂ ಮೀರದಂತೆ, ಕೊಡುವುದು ಮೇಲು. ನಿದ್ದೆ ಮಾತ್ರೆಯನ್ನು ನೀವಾಗಿ ಕೊಡಬೇಡಿ, ಮಲಬದ್ಧತೆ ಆಗಲು ಬಿಡಬೇಡಿ. ಇವೆರಡರಿಂದಲೂ ಮಂಕು ಕವಿಯಬಹುದು. ಹಗಲಿಡೀ ತೂಕಡಿಸಿ ರಾತ್ರಿ ಎಚ್ಚರವಿದ್ದರೆ, ಮಾತು ತೊದಲಿದರೆ, ಕೈ ನಡುಗಿದರೆ 'ವಯಸ್ಸಾಯಿತು, ಅರಳುಮರಳು' ಎಂದು ಸುಮ್ಮನಾಗಬೇಡಿ. ಅದು ಲಿವರ್‌ನಿಂದ ಬಂದದ್ದಿರಬಹುದು, ಚಿಕಿತ್ಸೆ ಇದೆ. ರಕ್ತವಾಂತಿ, ಟಾರಿನಂತೆ ಕಪ್ಪಾದ ಮಲ, ತಟ್ಟನೆ ಹೊಟ್ಟೆನೋವು, ಎಚ್ಚರ ತಪ್ಪುವುದು, ಹೊಟ್ಟೆಯಲ್ಲಿ ನೀರಿರುವವರಿಗೆ ಜ್ವರ ಇವು ಕಂಡರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

9. ವೈರಸ್ ಹೋದ ಮೇಲೆ

ಮಾತ್ರೆ ಮುಗಿದು 12 ವಾರ ಆದ ಮೇಲೆ ಪಿಸಿಆರ್ ಮಾಡಿಸಿ. ವೈರಸ್ ಕಾಣದಿದ್ದರೆ ವಾಸಿಯಾಯಿತು ಎಂದರ್ಥ. ಮಾತ್ರೆ ಮುಗಿದ ದಿನವೇ ನೆಗೆಟಿವ್ ಬಂದದ್ದನ್ನು ಕೊನೆಯ ಮಾತು ಎಂದುಕೊಳ್ಳಬೇಡಿ. ಮುಂದೆ ಎಂದಾದರೂ ಪ್ರತಿಕಾಯ ಪರೀಕ್ಷೆ ಮಾಡಿಸಿದರೆ ಪಾಸಿಟಿವ್ ಬರುತ್ತದೆ, ಆಗ ಈ ಪಿಸಿಆರ್ ವರದಿ ತೋರಿಸಿ.

ಸಿರೋಸಿಸ್ ಇದ್ದವರು ಇಲ್ಲಿಗೆ ಬಿಡುವಂತಿಲ್ಲ. ವೈರಸ್ ಹೋದರೆ ಕ್ಯಾನ್ಸರ್‌ನ ಸಾಧ್ಯತೆ ಬಹಳ ಇಳಿಯುತ್ತದೆ, ಇಲ್ಲವಾಗುವುದಿಲ್ಲ. ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್, ಜೊತೆಗೆ ಎಎಫ್‌ಪಿ. ಕ್ಯಾನ್ಸರ್‌ಗೆ ಆಗಲೇ ಚಿಕಿತ್ಸೆ ಆದವರಿಗೆ ಮೊದಲೆರಡು ವರ್ಷ ಇನ್ನೂ ಬೇಗ ಬೇಗ ಸಿಟಿ ಅಥವಾ ಎಂಆರ್‌ಐ. ಹೊಸ ಗೆಡ್ಡೆ ಕಂಡರೂ ಯಾವ ಚಿಕಿತ್ಸೆಯನ್ನೂ ತಡೆದುಕೊಳ್ಳಲಾಗದಷ್ಟು ಅವರು ಕುಗ್ಗಿದ್ದರೆ ಈ ಸ್ಕ್ಯಾನಿಂಗ್‌ಗಳನ್ನು ನಿಲ್ಲಿಸಬಹುದು. ವೈದ್ಯರು ತಾವಾಗಿ ಈ ಮಾತು ಎತ್ತದಿದ್ದರೆ ನೀವೇ ಎತ್ತಿ.